‘ಮೌಲಾ’ ಪದಕ್ಕೆ ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಶಿಯಾ ಪರಂಪರೆಯಲ್ಲಿ ಪ್ರವಾದಿ ಮುಹಮ್ಮದರ ಬದುಕು ಕುರಿತ ಪುಟ್ಟ ಪುಸ್ತಕವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಇಸ್ಲಾಮಿ ಪಂಚಾಂಗದ ಹಿಜರಿ 10, ದುಲ್ ಹಜ್ ತಿಂಗಳ 18. ಕೊನೆಯ ಹಜ್ ಮುಗಿಸಿ ಮದೀನಾಕ್ಕೆ ಮರಳುವಾಗ ಗದೀರ್ ಖುಮ್ ಎಂಬಲ್ಲಿ ಪ್ರವಾದಿ ತಮ್ಮ ಅಳಿಯ ಅಲಿಯವರ ಕೈ ಎತ್ತಿ ಹಿಡಿದು ಹೇಳಿದ್ದು: “ನಾನು ಯಾರಿಗೆ ಮೌಲಾನೋ, ಈ ಅಲಿಯೂ ಅವರಿಗೆ ಮೌಲಾ.” ಇಲ್ಲಿ ಒಡೆಯ, ನಾಯಕ, ಉತ್ತರಾಧಿಕಾರಿ, ಯಾವುದು ಸರಿ? ಗದೀರ್‌ಗೆ ಕೆರೆ ಅಂದರೆ ನಡೆಯುತ್ತಾ?

> ಯಾವುದು ಸರಿ?

ಒಡೆಯ. ಇದರಲ್ಲಿ ಚರ್ಚೆ ಏನಿದೆ? ತಮಿಳಿನ ಉಡೈಯಾನ್ ಇದರದ್ದೇ ಒಡಹುಟ್ಟು. ವಚನಕಾರರು ದೇವರನ್ನೇ ಒಡೆಯ ಅಂದರು. ಉತ್ತರಾಧಿಕಾರಿ ಸಂಸ್ಕೃತ, ಬಿಡಿ. ಕೆರೆ ಕಟ್ಟಿದ್ದು. ಗದೀರ್ ಅಂದರೆ ಹರಿದು ಬಂದ ನೀರು ತಗ್ಗಿನಲ್ಲಿ ನಿಂತದ್ದು. ಹೊಂಡ ಅನ್ನಿ.

> ಇದರಲ್ಲಿ ಚರ್ಚೆ ಏನಿದೆ?

ಹೊಂಡ ಒಪ್ಪಿದೆ. ಒಡೆಯ ಒಪ್ಪಲ್ಲ. ಪ್ರವಾದಿಯ ನಂತರ ಯಾರು ನಾಯಕ ಅನ್ನೋ ಶಿಯಾ ಸುನ್ನಿ ವಾದ ನಿಂತಿರೋದೇ ಈ ಪದದ ಮೇಲೆ ಸರ್. ಅರಬ್ಬಿಯಲ್ಲಿ ಮೌಲಾ ಅಂದರೆ ಯಜಮಾನ, ಗೆಳೆಯ, ಬಿಡುಗಡೆಯಾದ ಗುಲಾಮ ಕೂಡ. ಸುನ್ನಿ ವಿದ್ವಾಂಸರು ಇಲ್ಲಿ ಗೆಳೆಯ, ಪ್ರೀತಿಪಾತ್ರ ಎಂದು ಓದುತ್ತಾರೆ. ಶಿಯಾಗಳ ವಾದವೇ ಬೇರೆ. ಈ ಮಾತಿಗೆ ಮುಂಚೆ ಪ್ರವಾದಿ ಒಂದು ಪ್ರಶ್ನೆ ಕೇಳಿದ್ದರು: ವಿಶ್ವಾಸಿಗಳ ಮೇಲೆ ಅವರಿಗಿಂತ ನನಗೇ ಹೆಚ್ಚು ಹಕ್ಕಿಲ್ಲವೇ? ಅಲ್ಲಿ ‘ಹೆಚ್ಚು ಹಕ್ಕಿರುವವ’ ಅನ್ನೋದಕ್ಕೆ ಬಂದ ‘ಔಲಾ’, ಇಲ್ಲಿನ ‘ಮೌಲಾ’ ಒಂದೇ ಧಾತು. ಆದ್ದರಿಂದ ಇದು ಅಧಿಕಾರದ ಮಾತು, ಬರೀ ಸ್ನೇಹದ್ದಲ್ಲ ಅನ್ನುತ್ತಾರೆ. ಉತ್ತರಾಧಿಕಾರಿ ಅಂತ ಬರೆದರೆ ಪ್ರವಾದಿಯ ಬಾಯಿಗೇ ವ್ಯಾಖ್ಯಾನ ತುರುಕಿದಂತೆ. ಮೌಲಾ ಅಂತಲೇ ಇಡಿ ಮೇಡಂ. ಶಿಯಾಗಳು ಏನು ಅರ್ಥ ಮಾಡುತ್ತಾರೆ ಅನ್ನೋದನ್ನು ಮುಂದಿನ ಸಾಲಿನಲ್ಲಿ ಬರೆಯಿರಿ.

> ಮೌಲಾ ಅಂತಲೇ ಇಡಿ

ಹಾಗಾದರೆ ಅನುವಾದ ಯಾಕೆ? ಕಷ್ಟ ಬಂದಲ್ಲೆಲ್ಲ ಮೂಲವನ್ನೇ ಅಂಟಿಸುತ್ತಾ ಹೋದರೆ ಕನ್ನಡದಲ್ಲಿ ಕನ್ನಡ ಎಲ್ಲಿ ಉಳಿಯುತ್ತೆ? ಎರವಲು ತಂದ ಪ್ರತಿ ಪದವೂ ನಮ್ಮದೊಂದನ್ನು ಮೂಲೆಗೆ ತಳ್ಳುತ್ತೆ. ಇದು ಸೋಮಾರಿತನ.

> ಇದು ಸೋಮಾರಿತನ

ಅಲ್ಲ. ವಕೀಲ, ವಾರಸುದಾರ, ತಹಶೀಲ್ದಾರ ಅಂತ ದಿನಾ ಬರೆಯುವವರು ಮೌಲಾಗೆ ಮಾತ್ರ ಬಾಗಿಲು ಹಾಕಬೇಡಿ. ರಾಯಚೂರು, ಕೊಪ್ಪಳ ಕಡೆ ಮೌಲಾಲಿ, ಮೌಲಾಸಾಬ ಅಂತ ಮಕ್ಕಳಿಗೆ ಹೆಸರಿಡುತ್ತಾರೆ. ಆ ಜನರೂ ಕನ್ನಡದವರೇ ಅಲ್ವಾ? ಒಡೆಯ ಒಳ್ಳೆಯ ಪದ, ಆದರೆ ಗೆಳೆಯ ಅನ್ನೋ ಓದಿಗೆ ಅದರಲ್ಲಿ ಜಾಗವೇ ಇಲ್ಲ. ಜಗಳವನ್ನು ಓದುಗರಿಂದ ಮುಚ್ಚಿಡೋ ಹಕ್ಕು ಅನುವಾದಕರಿಗಿಲ್ಲ.

ಮೌಲಾ ಇಟ್ಟೆ. ಗದೀರ್‌ಗೆ ಹೊಂಡ. ಇನ್ನೊಂದು ಅನುಮಾನ. ಪ್ರವಾದಿಯ ನಿಧನದ ದಿನವನ್ನು ಕರಡು ತಿದ್ದಿದವರು ರಬೀಉಲ್ ಅವ್ವಲ್ 12 ಮಾಡಿದ್ದಾರೆ. ಮೂಲದಲ್ಲಿ ಸಫರ್ 28 ಇದೆ.

> ಸಫರ್ 28 ಇದೆ

ಅದನ್ನೇ ಉಳಿಸಿ. ಹಿಜರಿ 11ರ ಸಫರ್ 28 ಶಿಯಾಗಳಲ್ಲಿ ಪ್ರಚಲಿತ. ರಬೀಉಲ್ ಅವ್ವಲ್ 12, ಸುನ್ನಿಗಳಲ್ಲಿ ಹೆಚ್ಚು ಬಳಕೆಯ ದಿನ. ಹುಟ್ಟಿದ ದಿನವನ್ನೂ ನೋಡಿಕೊಳ್ಳಿ, ಶಿಯಾಗಳಿಗೆ ರಬೀಉಲ್ ಅವ್ವಲ್ 17. ಅದನ್ನೂ ತಿದ್ದಿಬಿಟ್ಟಿರಬಹುದು.