ಪಾಸ್ಟರ್‌ಗೆ ಕೇಳಿ: ನಮ್ಮ ನಂಬಿಕೆಯನ್ನು ನೆರೆಯವರಿಗೆ ಹೇಳೋದು ಹೇಗೆ?

ಪಾಸ್ಟರ್ (ಬಾಗಲಕೋಟೆ): ಎಲ್ಲರಿಗೂ ವಂದನೆ. ಯೇಸುವಿನ ವಿಷಯ ಬೇರೆಯವರಿಗೆ ಹೇಗೆ ಹೇಳಬೇಕು ಅಂತ ಜಾಸ್ತಿ ಜನ ಕೇಳುತ್ತಿದ್ದೀರಿ. ಇಲ್ಲೇ ಕೇಳಿ, ಪುರಸೊತ್ತಾದ ಹಾಗೆ ಉತ್ತರ ಹಾಕುತ್ತೇನೆ.

ಬೆಳಗಾವಿ ವಿದ್ಯಾರ್ಥಿ: ಪಾಸ್ಟರ್, ಪಿಜಿಯಲ್ಲಿ ನನ್ನ ರೂಮ್‌ಮೇಟ್ ಲಿಂಗಾಯತ ಹುಡುಗ. ದಿನಾ ಇಷ್ಟಲಿಂಗ ಪೂಜೆ ಮಾಡುತ್ತಾನೆ. ಅವನ ದಿಂಬಿನ ಕೆಳಗೆ ಸುವಾರ್ತೆ ಕರಪತ್ರ ಇಡಲಾ?

ಪಾಸ್ಟರ್: ದಿಂಬಿನ ಕೆಳಗೆ ಯಾಕಪ್ಪಾ, ಎದುರಿಗೇ ಮಾತಾಡು. ಮೊದಲು ಅವನ ಪೂಜೆ ಬಗ್ಗೆ ಕೇಳು, ಪೂರ್ತಿ ಕೇಳಿಸಿಕೋ. ಅವನು ಕೇಳಿದಾಗ ಯೇಸು ನಿನಗೆ ಯಾರು ಅಂತ ನಿನ್ನ ಮಾತಲ್ಲೇ ಹೇಳು. 1 ಪೇತ್ರ 3:15ರಲ್ಲಿ ಉತ್ತರ ಕೊಡಲು ಸಿದ್ಧವಾಗಿರಿ ಅಂತಷ್ಟೇ ಇಲ್ಲ, ಸೌಮ್ಯವಾಗಿ ಕೊಡಿ ಅಂತಲೂ ಇದೆ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸು. ಗೆಳೆತನ ಮಾತ್ರ ಬಿಡಬೇಡ.

ಮುಧೋಳ ಸದಸ್ಯ: ಇದನ್ನು ಪಕ್ಕದ ಮನೆಯವರಿಗೆ ಕಳಿಸಬಹುದಾ? "ಒಂದು ಲೋಟ ನೀರಿನ ಮೇಲೆ 91ನೇ ಕೀರ್ತನೆ ಏಳು ಸಲ ಓದಿ ಕುಡಿದರೆ ಶುಗರ್ ನಾರ್ಮಲ್. 21 ಜನರಿಗೆ ಕಳಿಸಿ."

ಪಾಸ್ಟರ್: ಬೇಡ. ಡಿಲೀಟ್ ಮಾಡಿ.

ವಿಜಯಪುರ ಸದಸ್ಯ: ಮುಸ್ಲಿಂ ಗೆಳೆಯ ಇಫ್ತಾರಿಗೆ ಕರೆದಿದ್ದಾನೆ. ಹೋಗಬಹುದಾ?

ಗುಳೇದಗುಡ್ಡ ಸೋದರಿ: ಪಾಸ್ಟರ್ ಅವರೇ, ನಮ್ಮ ಪಕ್ಕದ ಮನೆಯಲ್ಲಿ ಖಣ ನೇಯುತ್ತಾರೆ. ಅವರ ಮಗಳಿಗೆ ಟಿಬಿ ಇತ್ತು. ಎರಡು ತಿಂಗಳಲ್ಲಿ ಕೆಮ್ಮು, ಜ್ವರ ಹೋಯಿತು. ನಮ್ಮ ಕೂಟದವರು ಪ್ರಾರ್ಥನೆ ಮಾಡಿ, ನಂಬಿಕೆ ಇದ್ದರೆ ಮಾತ್ರೆ ಯಾಕೆ ಅಂದರು. ಈಗ ಮಾತ್ರೆಯ ಪಟ್ಟಿಗಳನ್ನು ಖಣದ ತುಂಡಿನಲ್ಲಿ ಸುತ್ತಿ ಮಗ್ಗದ ಮೇಲಿನ ಗೂಡಿನಲ್ಲಿ ಇಟ್ಟುಬಿಟ್ಟಿದ್ದಾರೆ. ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಬೇಕು ಅನ್ನುತ್ತಾರೆ. ಗಂಡನಿಗೆ ಗೊತ್ತಿಲ್ಲ. ಈಗಲೇ ಮಾಡಿಸಬಹುದಾ?

ಪಾಸ್ಟರ್: ಅಕ್ಕಾ, ದೀಕ್ಷಾಸ್ನಾನದ ಮಾತು ಪಕ್ಕಕ್ಕಿಡಿ. ಮಾತ್ರೆ ಬಿಟ್ಟಿದ್ದಾರೆ ಅನ್ನೋದು ನನಗೆ ಭಯ ಹುಟ್ಟಿಸಿದೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ. ಮೊದಲ ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಮೈ ಹಗುರಾಗುತ್ತದೆ, ಆದರೆ ಒಳಗೆ ರೋಗಾಣು ಉಳಿದಿರುತ್ತವೆ. ಅರ್ಧಕ್ಕೆ ಬಿಟ್ಟರೆ ಅದೇ ಮಾತ್ರೆಗೆ ಬಗ್ಗದ ಟಿಬಿ ಆಗಿ ತಿರುಗಿ ಬರಬಹುದು. ಅದಕ್ಕೆ ಇನ್ನೂ ಭಾರಿ ಔಷಧ ಬೇಕು, ಮನೆಯವರಿಗೂ ಅದೇ ಹರಡಬಹುದು. ಇವತ್ತೇ ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಚಿಕಿತ್ಸೆಯಲ್ಲಿ ಇರೋವರೆಗೆ ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ಖಾತೆಗೆ ಹಣ ಬರುತ್ತದೆ, ಅದು ಬರುತ್ತಿದೆಯಾ ಅಂತಲೂ ವಿಚಾರಿಸಿ.

ಆಮೇಲೆ ನೀವೇ ಆ ಮನೆಗೆ ಹೋಗಿ, "ನಮ್ಮವರು ಹೇಳಿದ್ದು ತಪ್ಪು, ಮಾತ್ರೆ ತಗೊಳ್ಳಿ, ಪ್ರಾರ್ಥನೆ ನಾವು ನಿಲ್ಲಿಸಲ್ಲ" ಅಂತ ಬಾಯಿಬಿಟ್ಟು ಹೇಳಿ. ಹೀಗೆ ಹೇಳಿದರೆ ಯೇಸುವಿನ ಹೆಸರು ಸಣ್ಣದಾಗುತ್ತೆ ಅಂತ ಹೆದರಬೇಡಿ. ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಕರ್ತನು ಕಿತ್ತುಕೊಂಡನಾ? ಆ ಹುಡುಗಿ ನಾಳೆ ಕೂಟಕ್ಕೆ ಬರದಿದ್ದರೂ ನೀವು ಅವಳ ಜೊತೆ ಆಸ್ಪತ್ರೆಗೆ ಹೋಗಬೇಕು. ದೀಕ್ಷಾಸ್ನಾನ ಚಿಕಿತ್ಸೆ ಮುಗಿದ ಮೇಲೆ ನೋಡೋಣ. ಕಾಯಿಲೆ ವಾಸಿಯಾಗಲಿ ಅಂತ ಕೇಳುತ್ತಿದ್ದಾರಾ, ಯೇಸು ಬೇಕು ಅಂತ ಕೇಳುತ್ತಿದ್ದಾರಾ ಅಂತ ಆಗ ತಿಳಿಯುತ್ತೆ. ಗಂಡನಿಗೆ ಮುಚ್ಚಿಟ್ಟಂತೂ ನಾನು ಮಾಡಲ್ಲ.

ಜಮಖಂಡಿ ಸದಸ್ಯ: ಪಾಸ್ಟರೇ ಹೀಗಂದರೆ ಹೇಗೆ? ಮಾರ್ಕ 5ರಲ್ಲಿ ರಕ್ತಕುಸುಮ ರೋಗದ ಹೆಂಗಸು ವೈದ್ಯರಿಗೆ ಇದ್ದದ್ದೆಲ್ಲ ಸುರಿದರೂ ಗುಣವಾಗಲಿಲ್ಲ. ಯೇಸುವಿನ ಬಟ್ಟೆ ಮುಟ್ಟಿ ಗುಣವಾದಳು.

ನರ್ಸ್ ಸೋದರಿ (ಬಾಗಲಕೋಟೆ): ಅಣ್ಣಾ, ಮಾತ್ರೆ ಬಿಟ್ಟವರು ಎಲುಬಿನ ಗೂಡಾಗಿ ವಾರ್ಡಿಗೆ ಬಂದಾಗ ನೋಡೋದು ನಾವು. ನೀವಲ್ಲ.

ಜಮಖಂಡಿ ಸದಸ್ಯ: ನಿಮ್ಮ ನಂಬಿಕೆ ಆಸ್ಪತ್ರೆ ಮೇಲೆ.

ನರ್ಸ್ ಸೋದರಿ: ನಿಮ್ಮ ಕನ್ನಡಕ ತೆಗೆದಿಟ್ಟು ಬೈಬಲ್ ಓದಿ ನೋಡೋಣ.

ಪಾಸ್ಟರ್: ಇಬ್ಬರೂ ಸಾಕು. ಪೌಲನೇ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ, 2 ತಿಮೊಥೆ 4:20. ಅವನಿಗೂ ನಂಬಿಕೆ ಕಡಿಮೆಯಾ? ಬೆಟಗೇರಿಯಲ್ಲಿ ಬಾಸೆಲ್ ಮಿಷನ್‌ನವರು ಕಟ್ಟಿದ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅನ್ನುತ್ತಾರೆ. ಔಷಧ ತಗೊಳ್ಳೋದು ಅಪನಂಬಿಕೆ ಆಗಿದ್ದರೆ ಸುವಾರ್ತೆ ಹೇಳಲು ಬಂದವರು ಆಸ್ಪತ್ರೆ ಯಾಕೆ ಕಟ್ಟಿದರು?

ಇಳಕಲ್ ಮಾಸ್ತರು: ನಾನು ಕ್ರೈಸ್ತನಲ್ಲ, ಗೆಳೆಯರು ಗುಂಪಿಗೆ ಸೇರಿಸಿದ್ದಾರೆ. ಪುಕ್ಕಟೆ ಟ್ಯೂಷನ್ ಅಂತ ಮಕ್ಕಳನ್ನು ಕರೆದು ಪ್ರಾರ್ಥನೆ ಕಲಿಸೋದು ಸರಿಯಾ ಸರ್?

ಪಾಸ್ಟರ್: ಸರಿಯಲ್ಲ ಮಾಸ್ತರೇ. ಟ್ಯೂಷನ್ ಅಂದರೆ ಟ್ಯೂಷನ್ನೇ ಇರಬೇಕು. ಬೈಬಲ್ ಕಲಿಸೋದಿದ್ದರೆ ತಂದೆತಾಯಿಗೆ ಮೊದಲೇ ಹೇಳಿ, ಅವರು ಒಪ್ಪಿದರೆ ಬೇರೆ ಹೊತ್ತಿನಲ್ಲಿ ಕಲಿಸಬೇಕು. ಕೇಳಿದ್ದಕ್ಕೆ ಥ್ಯಾಂಕ್ಸ್.

ಜಮಖಂಡಿ ಸದಸ್ಯ: ಹೊರಗಿನವರ ಮುಂದೆ ನಮ್ಮವರನ್ನೇ ಬಿಟ್ಟುಕೊಡುತ್ತಿದ್ದೀರಿ.

ಇಳಕಲ್ ಮಾಸ್ತರು: ಹೊರಗಿನವನು ಅಂದರೇನ್ರೀ? ನಮ್ಮ ಊರಿನ ಮಕ್ಕಳ ಮಾತು ಇದು.

ಅಥಣಿ ಸದಸ್ಯ: ಮತಾಂತರ ಕಾಯ್ದೆ ರದ್ದಾಗಿದೆ ಅಂತ ಮೆಸೇಜ್ ಬಂದಿದೆ. ಇನ್ನು ಭಯ ಇಲ್ಲ ಅಲ್ವಾ?

ಪಾಸ್ಟರ್: ಫಾರ್ವರ್ಡ್ ನಂಬಿ ಓಡಾಡಬೇಡಿ. 2022ರ ಕಾಯ್ದೆಯನ್ನು ಹಿಂಪಡೆಯೋಣ ಅಂತ 2023ರ ಜೂನ್‌ನಲ್ಲಿ ತೀರ್ಮಾನಿಸಿದ್ದು ಸಚಿವ ಸಂಪುಟ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗಲ್ಲ. ವಕೀಲರನ್ನು ಕೇಳಿ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಸಾರುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡೋದೇ ಒಂದು ಹಕ್ಕಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾಯ್ದೆ ಇರಲಿ ಬಿಡಲಿ, ಆಮಿಷ ಒಡ್ಡಿ ಯಾರನ್ನೂ ಕರೆಯಬೇಡಿ.

ಹುನಗುಂದ ಸದಸ್ಯೆ: ಕಾಯ್ದೆ ಇನ್ನೂ ಇದೆಯಾ ಪಾಸ್ಟರ್?

ಪಾಸ್ಟರ್: ಮೇಲೆ ಓದಿ.

ಮುಧೋಳ ಸದಸ್ಯ: ಎಣ್ಣೆಗೆ ಪ್ರಾರ್ಥನೆ ಮಾಡಿ ಮಂಡಿಗೆ ಹಚ್ಚಿದರೆ ನೋವು ಹೋಗುತ್ತೆ ಅಂತ ವಿಡಿಯೋ ಬಂದಿದೆ, ಹಾಕಲಾ?

ಪಾಸ್ಟರ್: ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ? ಇನ್ನೊಂದು ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ವಿಜಯಪುರ ಸದಸ್ಯ: ಪಾಸ್ಟರ್, ಇಫ್ತಾರ್?

ಗುಳೇದಗುಡ್ಡ ಸೋದರಿ: ಆಶಾ ಅಕ್ಕ ಬಂದಿದ್ದರು. ಗೂಡಿನಿಂದ ಮಾತ್ರೆ ತೆಗೆಸಿದ್ದೇವೆ. ತಪ್ಪಿದ್ದನ್ನೂ ಸೇರಿಸಿ ಇವತ್ತು ಎರಡರಷ್ಟು ಕೊಡಲಾ?

ನರ್ಸ್ ಸೋದರಿ: ಬೇಡ ಅಕ್ಕಾ!! ಡಾಕ್ಟರ್ ನೋಡಿ ಹೇಳಲಿ.

ಪಾಸ್ಟರ್: ನರ್ಸಮ್ಮ ಹೇಳಿದ ಹಾಗೆ ಮಾಡಿ. ನಾಳೆ ಬೆಳಿಗ್ಗೆ ಹುಡುಗಿ, ತಾಯಿ ಜೊತೆಗೆ ಅವಳ ತಂದೆಯನ್ನೂ ಕರೆದುಕೊಂಡು ಆಸ್ಪತ್ರೆಗೆ ಬನ್ನಿ. ಗೇಟ್ ಹತ್ತಿರ ನಾನು ಇರುತ್ತೇನೆ. ಅವರಿಗೆ ನಾನೇ ಎಲ್ಲ ಹೇಳುತ್ತೇನೆ.