ಒಂದು ರಾತ್ರಿ ತಾನೇ ಅಂತ ಬಿಡಬೇಡ ರಾಘು

ಸುಧಾ, ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಹರ್ನಿಯಾ ಆಪರೇಷನ್‌ಗೆ ಅಂತ ಹೋದ ರಾಘುವಿನ ಕತ್ತಿನ ಸುತ್ತಳತೆ ನೋಡಿ ಅರಿವಳಿಕೆ ಡಾಕ್ಟರು ಸ್ಲೀಪ್ ಸ್ಟಡಿಗೆ, ಅಂದರೆ ನಿದ್ದೆಯ ಪರೀಕ್ಷೆಗೆ ಕಳಿಸಿದರು, ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಗಂಟೆಗೆ 42 ಸಲ ಉಸಿರು ಕಟ್ಟುತ್ತಿದೆ ಅಂತ ಬಂತು, ಮಾಸ್ಕ್‌ನಿಂದ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ತಂದು ಹತ್ತು ದಿನ ಆದರೂ ನಡುರಾತ್ರಿ ಮಾಸ್ಕ್ ಕಿತ್ತೆಸೆಯುತ್ತಾನೆ, ಇದು ಬೇಕೇ ಬೇಕಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಕು. ಗಂಟೆಗೆ 30 ದಾಟಿದರೆ ತೀವ್ರ ಅಂತಲೇ ಲೆಕ್ಕ. ಟೈಪ್ ಮಾಡಲು ಕಣ್ಣು ಸಾಲದು, ಮಾತಲ್ಲೇ ಹೇಳುತ್ತೇನೆ. ಎಲ್ಲರೂ ಕೇಳಿ.

ನನಗೂ ಇದೇ ಕಾಯಿಲೆ ಅಂತ ನಿಮಗೆಲ್ಲ ಗೊತ್ತೇ ಇದೆ, ಮೆಷಿನ್ ಬಂದು ಆರು ವರ್ಷ ಆಯಿತು. ಆದರೆ ಹಾಲಿನ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ತೀರ್ಥಹಳ್ಳಿಯಲ್ಲಿ ಕಮಲನ ಮನೆ ಗೃಹಪ್ರವೇಶ ಆಯಿತಲ್ಲ, ಆಗಿನ ಮಾತು. ಮೂರು ರಾತ್ರಿ ಅಲ್ಲೇ. ಹಾಲ್ ತುಂಬ ಜಮಖಾನ ಹಾಸಿ ಹೆಂಗಸರೆಲ್ಲ ಸಾಲಾಗಿ ಮಲಗುವುದು. ಅಷ್ಟು ಜನರ ನಡುವೆ ಮೂಗಿಗೆ ಪೈಪು ಕಟ್ಟಿಕೊಂಡು ಮಲಗಲು ನಾಚಿಕೆಯಾಯಿತು. ಮೂರೇ ರಾತ್ರಿ ತಾನೇ ಅಂತ ಮೆಷಿನ್ನನ್ನು ಶಿವಮೊಗ್ಗದಲ್ಲೇ ಬಿಟ್ಟು ಹೋಗಿದ್ದೆ.

ನಾಲ್ಕನೇ ದಿನ ಮಧ್ಯಾಹ್ನ ವಾಪಸ್ ಬಂದೆವು. ನಿಮ್ಮ ದೊಡ್ಡಪ್ಪ ಹಾಗೇ ಬ್ಯಾಂಕಿಗೆ ಹೋದರು. ನಾನು ಹಾಲು ಒಲೆ ಮೇಲಿಟ್ಟು, ಕಾಯುವವರೆಗೆ ಅಂತ ಅಲ್ಲೇ ಸ್ಟೂಲ್ ಮೇಲೆ ಕೂತೆ. ಅಷ್ಟೇ ನೆನಪು. ಹಾಲು ಉಕ್ಕಿದೆ, ಉರಿ ಆರಿದೆ, ಗ್ಯಾಸ್ ಅಡುಗೆಮನೆ ತುಂಬಿದೆ. ನನಗೆ ವಾಸನೆಯೂ ಇಲ್ಲ, ಎಚ್ಚರವೂ ಇಲ್ಲ. ಕರಿಬೇವು ಕೇಳಲು ಬಂದ ಪಕ್ಕದ ಮನೆ ಶಾರದಮ್ಮ ಹಿತ್ತಿಲ ಬಾಗಿಲಿಂದ ಓಡಿ ಬಂದು ಒಲೆ ಆಫ್ ಮಾಡಿ, ಕಿಟಕಿ ತೆಗೆದು, ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಎದ್ದೆ. ಊರಿಂದ ಬಂದ ಕೂಡಲೇ ದೇವರಿಗೆ ದೀಪ ಹಚ್ಚುವವಳು ನಾನು. ಅವತ್ತು ಎಣ್ಣೆ ಮುಗಿದಿತ್ತು ಅಂತ ಹಚ್ಚಿರಲಿಲ್ಲ. ನೆನೆದರೆ ಈಗಲೂ ಕೈ ನಡುಗುತ್ತದೆ.

ಒಂದು ರಾತ್ರಿ ತಾನೇ ಅಂತ ಬಿಡಬೇಡ ರಾಘು. ಮಾತ್ರೆ ಹಾಗೆ ನಿನ್ನೆ ತಗೊಂಡದ್ದು ಇವತ್ತಿಗೂ ಮೈಯಲ್ಲಿ ಉಳಿಯುವಂಥದ್ದಲ್ಲ ಇದು. ಮಲಗಿದಾಗ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ಮೆಷಿನ್ ಗಾಳಿ ಒತ್ತಿ ಆ ದಾರಿ ತೆರೆದಿಡುತ್ತದೆ. ಮಾಸ್ಕ್ ತೆಗೆದರೆ ಅವತ್ತೇ ಮತ್ತೆ ಮುಚ್ಚುತ್ತದೆ. ನನ್ನದು ಒಲೆ ಮುಂದೆ ಆಯಿತು. ನೀನು ವಾರಕ್ಕೆರಡು ಸಲ ಹಾಸನಕ್ಕೆ ಕಾರು ಓಡಿಸುವವನು. ಒಂದು ರಾತ್ರಿಯೂ ಬಿಡಬೇಡಪ್ಪ, ನೆಂಟರ ಮನೆಗೆ ಹೋದರೂ ಬ್ಯಾಗಿನಲ್ಲಿ ಇಟ್ಟುಕೋ.

ನಿನಗೆ ಬೇಗ ಗೊತ್ತಾಯಿತು, ದೇವರು ದೊಡ್ಡವನು. ನನಗೆ ಎಂಟು ವರ್ಷ ಬೇಕಾಯಿತು. ಬೆಳಗ್ಗೆ ಎದ್ದರೆ ತಲೆನೋವು, ರಾತ್ರಿ ನಾಲ್ಕು ಸಲ ಬಾತ್‌ರೂಮು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಒಬ್ಬ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಇನ್ನೊಬ್ಬರು ಥೈರಾಯ್ಡ್ ನೋಡಿಸಿದರು, ಮತ್ತೊಬ್ಬರು ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಂದರು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಈ ಕಾಯಿಲೆ ಜಾಸ್ತಿ ಅಂತ ನನಗೆ ಗೊತ್ತಾದದ್ದೇ ಕೊನೆಗೆ. ನಿದ್ದೆ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.

ಹೊರಗಿನವರು ಬಿಡಿ. ನಮ್ಮವರೇ ಮದುವೆ ಛತ್ರದಲ್ಲಿ ನನ್ನ ಗೊರಕೆ ರೆಕಾರ್ಡ್ ಮಾಡಿ ಇದೇ ಗ್ರೂಪಿಗೆ ಹಾಕಿ ನಕ್ಕಿರಿ, ಅಲ್ವಾ? ಹೆಂಗಸು ಹೀಗೂ ಗೊರಕೆ ಹೊಡೆಯುತ್ತಾಳಾ ಅಂತ. ನಾನು ಅದನ್ನು ಅಳಿಸಿಲ್ಲ, ಇನ್ನೂ ಇದೆ. ಅದರಲ್ಲಿ ಗೊರಕೆ ತಟ್ಟನೆ ನಿಂತು, ತುಂಬ ಹೊತ್ತು ಸದ್ದೇ ಇಲ್ಲ, ಆಮೇಲೆ ಗಕ್ಕನೆ ಉಸಿರೆಳೆದದ್ದು ಕೇಳಿಸುತ್ತದೆ. ಕಾಯಿಲೆ ಅಂದರೆ ಆ ಸದ್ದಿಲ್ಲದ ಹೊತ್ತೇ. ಹತ್ತು ಸೆಕೆಂಡ್ ನಿಂತರೆ ಸಾಕು, ಒಂದು ಸಲ ಅಂತ ಎಣಿಸುತ್ತಾರೆ. ನಗುವ ಬದಲು ಯಾರಾದರೂ ಅದನ್ನು ಡಾಕ್ಟರಿಗೆ ಕೇಳಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಬೇಜಾರು ಇನ್ನೂ ಹೋಗಿಲ್ಲ, ಹೇಳಿಬಿಟ್ಟೆ.

ಅಯ್ಯೋ, ಸುಧಾ ಕೇಳಿದ್ದೇ ಬಿಟ್ಟುಹೋಯಿತು. ಕಿತ್ತೆಸೆಯುವುದಕ್ಕೆ ಏನು ಮಾಡಬೇಕು ಅಂತ. ಹಗಲು ಅಭ್ಯಾಸ ಮಾಡಿಸು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಮೆಷಿನ್ ಹಾಕಿಕೊಂಡು ಸುಮ್ನೆ ಕೂರಲಿ. ನನಗೆ ಹೆದರಿಕೆ ಹೋದದ್ದು ಹಾಗೇ. ಗಾಳಿ ಒಮ್ಮೆಲೇ ನುಗ್ಗುತ್ತದೆ ಅಂದರೆ ರ‍್ಯಾಂಪ್ ಅಂತ ಇರುತ್ತದೆ, ಕಡಿಮೆಯಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ, ಮೆಷಿನ್ ಕೊಟ್ಟವರನ್ನು ಕೇಳಿ ಹಾಕಿಸಿಕೋ. ಗಾಳಿ ಸೋರಿದರೆ ಪಟ್ಟಿ ಬಿಗಿಮಾಡುತ್ತಾ ಹೋಗಬೇಡಿ, ಮೂಗಿನ ಮೇಲೆ ಗಾಯ ಆಗುತ್ತದೆ. ಮಾಸ್ಕ್ ಸೈಜ್ ಬದಲಿಸಿ, ಮಲಗಿಸಿಯೇ ಅಳತೆ ನೋಡಿಸಿ. ಬೆಳಗ್ಗೆ ಬಾಯಿ ಒಣಗಿದ್ದರೆ ಬಾಯಿ ತೆರೆದು ಮಲಗುತ್ತಿರಬಹುದು, ಬಾಯಿಯೂ ಮುಚ್ಚುವ ಮಾಸ್ಕ್ ಬೇಕಾ ಅಂತ ಕೇಳಿ. ಮೆಷಿನ್ನಿನಲ್ಲಿ ಗಾಳಿಗೆ ತೇವ ಕೊಡುವ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕು, ನಲ್ಲಿ ನೀರು ಬೇಡ. ನಡುರಾತ್ರಿ ಕಿತ್ತಿದ್ದರೆ ಬೈಯಬೇಡ, ಎಚ್ಚರ ಆದಾಗ ಮತ್ತೆ ಹಾಕು.

ಹರ್ನಿಯಾ ಆಪರೇಷನ್ ದಿನ ಮೆಷಿನ್ ಆಸ್ಪತ್ರೆಗೆ ತಗೊಂಡು ಹೋಗಿ. ಅರಿವಳಿಕೆ ಇಳಿದ ಮೇಲಿನ ನಿದ್ದೆಗೂ ಅದು ಬೇಕು, ಡಾಕ್ಟರಿಗೆ ಮೊದಲೇ ಹೇಳಿ. ನಾಳೆ ಬೆಳಗ್ಗೆ ಫೋನ್ ಮಾಡು ಸುಧಾ. ರಾತ್ರಿ ಎಷ್ಟು ಗಂಟೆ ಹಾಕಿಕೊಂಡಿದ್ದ ಅಂತ ಮೆಷಿನ್ನೇ ತೋರಿಸುತ್ತದೆ, ನೋಡಿ ಹೇಳು.