192 ದಾಟಿದ್ರೆ ಕತ್ತಿ ಎತ್ತೋದಾ?

ರವಿ (ಸರ್ಜರಿ): [ಚಿತ್ರ] ಜೂನಿಯರ್‌ಗಳಿಗೆ ಮಾಡಿದ ಪೋಸ್ಟರ್. ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಸಿಸ್ಟ್, ಅಂದ್ರೆ ನೀರುಗುಳ್ಳೆ, ಅದರಿಂದ ಸೂಜಿಯಲ್ಲಿ ಎಳೆದ ನೀರಿನ ರಿಪೋರ್ಟ್ ಓದೋದು ಒಂದೇ ಪುಟದಲ್ಲಿ. ಸಿಇಎ (ಟ್ಯೂಮರ್ ಮಾರ್ಕರ್ ಪ್ರೋಟೀನ್) 192 ದಾಟಿದ್ರೆ ಕ್ಯಾನ್ಸರ್ ಅಪಾಯ, ಸರ್ಜನ್ ಹತ್ರ ಕಳಿಸಿ. ಕೆಳಗಿದ್ರೆ ಮನೆಗೆ. ಎಲ್ಲರೂ ಫಾರ್ವರ್ಡ್ ಮಾಡ್ರಪ್ಪಾ.

ಸುಧಾ (ಬಯೋಕೆಮಿಸ್ಟ್ರಿ): ಸ್ವಲ್ಪ ತಡಿ ಮಾರಾಯ. ಎರಡು ಸಾಲು, ಎರಡೂ ತಪ್ಪು. ಸಿಇಎ ಹೇಳೋದು ಸಿಸ್ಟ್‌ನ ಒಳಪದರ ಮ್ಯೂಸಿನ್ (ಲೋಳೆ) ಮಾಡುತ್ತೋ ಇಲ್ಲವೋ ಅಂತ, ಅಷ್ಟೆ. ಅದು ಕೆಟ್ಟಿದೆಯೋ ಇಲ್ಲವೋ ಅಂತ ಹೇಳಲ್ಲ. ಸಾವಿರಗಟ್ಟಲೆ ಸಿಇಎ ಇರೋ ಸಿಸ್ಟ್ ಸಾಧುವಾಗಿರಬಹುದು, 60 ಇರೋದ್ರಲ್ಲಿ ಹೈ ಗ್ರೇಡ್ ಡಿಸ್‌ಪ್ಲೇಸಿಯಾ (ಕ್ಯಾನ್ಸರ್‌ಗೆ ಒಂದೇ ಹೆಜ್ಜೆ ಹಿಂದಿನ ಕಣ ಬದಲಾವಣೆ) ಕೂತಿರಬಹುದು.

ರವಿ: 192 ನಾನು ಹುಟ್ಟಿಸಿದ್ದಲ್ಲ ಕಣೇ. ಟೆಕ್ಸ್ಟ್‌ಬುಕ್‌ನಲ್ಲೇ ಇದೆ.

ಸುಧಾ: ಇದೆ. 2004ರ ಅಧ್ಯಯನದ ಅಂಕಿ ಅದು, ಮಿಲಿಲೀಟರಿಗೆ 192 ನ್ಯಾನೋಗ್ರಾಂ. ಅಲ್ಲೇ ನಿಖರತೆ 79% ಅಂತಲೂ ಇದೆ. ಅಂದ್ರೆ ಐದರಲ್ಲಿ ಒಂದು ತಪ್ಪು, ಅದೂ ಮ್ಯೂಸಿನಸ್ (ಮ್ಯೂಸಿನ್ ಮಾಡೋ ಸಿಸ್ಟ್) ಹೌದೋ ಅಲ್ಲವೋ ಅನ್ನೋ ಪ್ರಶ್ನೆಗೇ. ಇನ್ನು ಸಿಇಎ ಕಿಟ್‌ಗಳನ್ನ ಮಾಡಿರೋದು ಸೀರಂಗೆ (ರಕ್ತದ ದ್ರವಭಾಗಕ್ಕೆ), ಸಿಸ್ಟ್ ನೀರಿಗಲ್ಲ. ಮಷೀನ್ ಬದಲಾದ್ರೆ ಅಂಕಿ ಬದಲಾಗುತ್ತೆ. ತೀರಾ ಜಾಸ್ತಿ ಇದ್ದಾಗ ಹುಕ್ ಎಫೆಕ್ಟ್‌ನಿಂದ ಸುಳ್ಳೇ ಕಡಿಮೆ ತೋರಿಸೋದೂ ಉಂಟು. ಡೈಲ್ಯೂಟ್ ಮಾಡಿ ಮತ್ತೆ ಓಡಿಸದಿದ್ರೆ ಗೊತ್ತೇ ಆಗಲ್ಲ. ಅಂಟು ನೀರಾದ್ರಂತೂ ಪಿಪೆಟ್ ಸರಿಯಾದ ಅಳತೆ ಎಳೆಯೋದೇ ಇಲ್ಲ.

ನಾಗರಾಜ (ಗ್ಯಾಸ್ಟ್ರೋ): "ಕೆಳಗಿದ್ರೆ ಮನೆಗೆ" ಅನ್ನೋದು ನಂಗೆ ಇನ್ನೂ ಭಯ ಲೋ. ಸಿಇಎ 5ಕ್ಕಿಂತ ಕಡಿಮೆ ಇದ್ರೆ ಸೀರಸ್ ಸಿಸ್ಟೋ (ತೆಳು ನೀರಿನದು, ಸಾಮಾನ್ಯವಾಗಿ ಸಾಧು) ಸೂಡೋಸಿಸ್ಟೋ (ಪ್ಯಾಂಕ್ರಿಯಾಸ್ ಉರಿಯೂತದ ನಂತರ ಕಟ್ಟೋ ನೀರು) ಅಂತ ಒಲವು, ಸರಿ. ಸಾಲಿಡ್ ಸೂಡೋಪ್ಯಾಪಿಲರಿ ಟ್ಯೂಮರ್? ಸಿಸ್ಟಿಕ್ ನ್ಯೂರೋಎಂಡೋಕ್ರೈನ್? ಅವು ಕ್ಯಾನ್ಸರ್ ಆಗಬಲ್ಲ ಗಡ್ಡೆಗಳು, ಅವುಗಳಲ್ಲೂ ಸಿಇಎ ಕಡಿಮೆಯೇ. ಅವನ್ನೂ ಮನೆಗೆ ಕಳಿಸ್ತೀಯಾ?

ರವಿ: 🙄 ಸರಿ. ಹಾಗಾದ್ರೆ ಗ್ಲೂಕೋಸ್ ಹಾಕ್ತೀನಿ. ಡೆಸಿಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇದ್ರೆ ಮ್ಯೂಸಿನಸ್. ಗ್ಲೂಕೋಮೀಟರ್‌ಗೆ ಒಂದು ಹನಿ, ಕೆಲಸ ಮುಗೀತು.

ನಾಗರಾಜ: ಆ ಬದಲಾವಣೆಗೆ ನನ್ನ ಓಟು. ಮ್ಯೂಸಿನಸ್ ಹಿಡಿಯೋದ್ರಲ್ಲಿ ಗ್ಲೂಕೋಸ್ ಸಿಇಎಗಿಂತ ಚುರುಕು, ಹನಿ ಸಾಕು, ಉತ್ತರ ಪ್ರೊಸೀಜರ್ ರೂಮಲ್ಲೇ ಸಿಗುತ್ತೆ.

ಸುಧಾ: ನನ್ನ ಓಟು ಷರತ್ತಿನ ಮೇಲೆ. ಮೀಟರ್ ಅನ್ನ ಹೊಂದಿಸಿರೋದು ಕೆಂಪುಕಣ ಇರೋ ರಕ್ತಕ್ಕೆ. ನೀರು ತುಂಬ ಅಂಟಾಗಿದ್ರೆ ಸ್ಟ್ರಿಪ್ ಹೀರಲ್ಲ, ಎರರ್ ಬರುತ್ತೆ. ಸೂಜಿಯಲ್ಲಿ ರಕ್ತ ಬೆರೆತ್ರೆ ಗ್ಲೂಕೋಸ್ ಏರಿ ಮ್ಯೂಸಿನಸ್ ಸಿಸ್ಟ್ ತಪ್ಪಿಸಿಕೊಳ್ಳುತ್ತೆ. ಸೋಂಕಾದ ಸೂಡೋಸಿಸ್ಟ್‌ನಲ್ಲಿ ಬ್ಯಾಕ್ಟೀರಿಯಾ, ಬಿಳಿಕಣ ಎರಡೂ ಸೇರಿ ಗ್ಲೂಕೋಸ್ ತಿಂದು ಮುಗಿಸ್ತಾವೆ, ಆಗ ಸುಳ್ಳು ಪಾಸಿಟಿವ್. ಲ್ಯಾಬ್‌ಗೆ ಕಳಿಸೋದಾದ್ರೆ ಫ್ಲೋರೈಡ್ ಟ್ಯೂಬ್, ಬೂದು ಮುಚ್ಚಳದ್ದು. ಮಾಮೂಲಿ ಟ್ಯೂಬಲ್ಲಿ ಎರಡು ಗಂಟೆ ಬೆಚ್ಚಗಿನ ರೂಮಲ್ಲಿ ಬಿಟ್ರೆ, ಕಣಗಳಿರೋ ನೀರಲ್ಲಿ ಗ್ಲೂಕೋಸ್ ತಾನಾಗೇ ಇಳಿಯುತ್ತೆ.

ರವಿ: ಸೂಡೋಸಿಸ್ಟ್ ಬೇರೆ ಮಾಡೋಕೆ ಅಮೈಲೇಸ್ (ಪ್ಯಾಂಕ್ರಿಯಾಸ್‌ನ ಜೀರ್ಣಕಿಣ್ವ) ಇದೆಯಲ್ಲ.

ಸುಧಾ: ಇದೆ, ಆದ್ರೆ ಒಂದೇ ದಿಕ್ಕಿಗೆ. ಲೀಟರಿಗೆ 250 ಯೂನಿಟ್‌ಗಿಂತ ಕಡಿಮೆ ಇದ್ರೆ ಸೂಡೋಸಿಸ್ಟ್ ಹೆಚ್ಚುಕಮ್ಮಿ ಇಲ್ಲ ಅನ್ನಬಹುದು. ಜಾಸ್ತಿ ಇದ್ರೆ ಸೂಡೋಸಿಸ್ಟ್ ಅಂತ ಅಲ್ಲ. ಐಪಿಎಂಎನ್ (ನಾಳದೊಳಗೆ ಬೆಳೆಯೋ ಮ್ಯೂಸಿನಸ್ ಸಿಸ್ಟ್) ಪ್ಯಾಂಕ್ರಿಯಾಸ್ ನಾಳಕ್ಕೆ ಕೂಡಿಕೊಂಡಿರೋದು, ಅದ್ರಲ್ಲೂ ಸಾವಿರಗಟ್ಟಲೆ ಬರುತ್ತೆ.

ನಾಗರಾಜ: ಪೋಸ್ಟರ್‌ನಲ್ಲಿ ನೀರು ಹಂಚೋ ಭಾಗವೇ ಇಲ್ಲ ನೋಡು. ಒಂದು ಸೆಂಟಿಮೀಟರ್ ಸಿಸ್ಟ್ ಅಂದ್ರೆ ಒಳಗಿರೋದು ಅರ್ಧ ಎಂಎಲ್. ಎರಡು ಸೆಂಟಿಮೀಟರ್ ಅಂದ್ರೆ ನಾಲ್ಕು. ಅದ್ರಲ್ಲೂ ಸ್ವಲ್ಪ ಸೂಜಿಯೊಳಗೇ ಉಳಿಯುತ್ತೆ. ಮೊದಲ ಹನಿ ಬೆರಳಿಗೆ: ಗ್ಲೌಸ್ ಹಾಕಿದ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ನಿಧಾನ ಬಿಡಿಸು. ನೂಲು ಒಂದು ಸೆಂಟಿಮೀಟರ್ ಎಳೆದರೂ ತುಂಡಾಗದೆ ಒಂದು ಸೆಕೆಂಡ್ ನಿಂತ್ರೆ ಮ್ಯೂಸಿನ್ ಇದೆ ಅಂತ ಲೆಕ್ಕ. ಆಮೇಲೆ ಗ್ಲೂಕೋಸ್, ಸಿಇಎಗೆ ಅರ್ಧ ಎಂಎಲ್, ಅದೇ ಟ್ಯೂಬಿಂದ ಅಮೈಲೇಸ್. ಉಳಿದದ್ದು ಡಿಎನ್‌ಎಗೆ, ಸೈಟಾಲಜಿಗೆ (ಕಣಗಳನ್ನ ಮೈಕ್ರೋಸ್ಕೋಪಲ್ಲಿ ನೋಡೋದು). ಅಂಟು ನೀರು 22 ಗೇಜ್ ಸೂಜಿಯಲ್ಲಿ ಬರ್ತಿಲ್ಲ ಅಂತ ಸಲೈನ್ ಹಾಕಿ ತೊಳೆದ್ರೆ, ಆ ತೊಳೆದು ತೆಳುವಾದ ನೀರನ್ನ ದಯವಿಟ್ಟು ಬಯೋಕೆಮಿಸ್ಟ್ರಿಗೆ ಕಳಿಸಬೇಡಿ.

ಸುಧಾ: 🙏🙏 ಕಳಿಸಿದ್ರೂ ಫಾರಂ ಮೇಲೆ ಬರೆಯಲ್ಲ, ಅದೇ ಸಿಟ್ಟು.

ರವಿ: ಡಿಎನ್‌ಎ ಎಲ್ಲಾ ಕೇಸ್‌ಗೂ ಬೇಕಾ? ದುಂದು ಅಲ್ವಾ?

ನಾಗರಾಜ: ಎಲ್ಲದಕ್ಕೂ ಬೇಡ. ಸ್ಕ್ಯಾನೂ ಕೆಮಿಸ್ಟ್ರಿಯೂ ಜಗಳ ಆಡಿದಾಗ ಬೇಕು. ಜಿಎನ್‌ಎಎಸ್ ಜೀನ್‌ನ ಕೋಡಾನ್ 201 ಮ್ಯುಟೇಶನ್ ಸಿಕ್ಕಿದ್ರೆ ಐಪಿಎಂಎನ್ ಅಂತ ಧೈರ್ಯವಾಗಿ ಹೇಳಬಹುದು. ಬರೀ ಕೆಆರ್‌ಎಎಸ್ ಇದ್ರೆ ಐಪಿಎಂಎನ್ ಅಥವಾ ಎಂಸಿಎನ್ (ನಾಳಕ್ಕೆ ಸೇರದ ಮ್ಯೂಸಿನಸ್ ಸಿಸ್ಟ್). ವಿಎಚ್‌ಎಲ್ ಒಂದೇ ಸಿಕ್ಕಿದ್ರೆ ಸೀರಸ್ ಕಡೆ. ಸಿಟಿಎನ್‌ಎನ್‌ಬಿ1 ಒಂದೇ ಇದ್ರೆ ಸಾಲಿಡ್ ಸೂಡೋಪ್ಯಾಪಿಲರಿ. ನೀನು ಹುಡುಕ್ತಿರೋ "ಅಪಾಯ" ಇರೋದು ಟಿಪಿ53, ಎಸ್‌ಎಂಎಡಿ4 ಅಂಥವು ಜೊತೆಗೆ ಕಂಡಾಗ. ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಬಚಾವ್ ಅಲ್ಲ.

ಫರೀದಾ (ರೇಡಿಯಾಲಜಿ): ಎಲ್ಲ ಸರಿ, ಎಂಆರ್‌ಐ ಎಲ್ಲಿ? ಜೇನುಗೂಡಿನ ಥರ ಸಣ್ಣ ಸಣ್ಣ ಕೋಣೆ, ನಡುವೆ ಕಲೆ ಇದ್ರೆ ಅದು ಸೀರಸ್, ಸೂಜಿಯೇ ಬೇಡ. ಸೂಜಿ ಹಾಕಿದ್ರೆ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಉರಿಯೂತ), ಸೋಂಕು, ರಕ್ತಸ್ರಾವದ ಅಪಾಯ ಸುಮ್ಮನೆ ಮೈಮೇಲೆ. ಕಾಂಟ್ರಾಸ್ಟ್ ಹಿಡಿಯೋ 5 ಮಿಮೀ ಗಂಟು, 10 ಮಿಮೀ ಆದ ಮುಖ್ಯ ನಾಳ, ಸಿಸ್ಟ್ ಒತ್ತಿ ಬಂದ ಕಾಮಾಲೆ: ಆಪರೇಷನ್ ಮಾತು ಶುರುವಾಗೋದು ಅಲ್ಲಿಂದ. ಸೈಟಾಲಜಿ ಪಾಸಿಟಿವ್ ಬಂದ್ರೂ ಅಷ್ಟೆ. 192ರಿಂದ ಅಲ್ಲ.

ರವಿ: ಮೂರು ಜನ ಸೇರಿ ಒಬ್ಬನ್ನ ಹೊಡೀತಿದ್ದೀರ 😅 ಆದ್ರೂ ಒಂದು ಮಾತು: ಸಿಇಎ ತೆಗೆಯಲ್ಲ. ಗ್ಲೂಕೋಸ್ ಕಡಿಮೆ, ಸಿಇಎನೂ ಜಾಸ್ತಿ ಇದ್ರೆ ಭರವಸೆ ಬರುತ್ತೆ.

ಸುಧಾ: ತೆಗಿ ಅಂತ ಯಾರಂದ್ರು? 192 ಪಕ್ಕ ಯಾವ ಮಷೀನ್ ಅಂತ ಬರೆಯೋಕೆ ಖಾಲಿ ಜಾಗ ಬಿಡು. "ರಕ್ತ ಬೆರೆತಿದೆಯಾ", "ಸಲೈನ್ ಹಾಕಿದ್ರಾ" ಅಂತ ಎರಡು ಚೌಕ ಹಾಕು.

ಫರೀದಾ: ಪೋಸ್ಟರ್‌ನ ಆ ಕೆಂಪು ಬಾಣ ಸರ್ಜನ್ ಕಡೆಯಿಂದ ಎಂಆರ್‌ಐ ಕಡೆ ತಿರುಗಿಸು.

ರವಿ: ಬಾಣ ತಿರುಗಿಸ್ತೀನಿ. ಹಳೇದು ಡಿಲೀಟ್ ಮಾಡಿದೆ, ಈಗಾಗ್ಲೇ ಯಾರಾದ್ರೂ ಫಾರ್ವರ್ಡ್ ಮಾಡಿದ್ರಾ?

ನಾಗರಾಜ: ನಾನು. ಪಿಜಿ ಗ್ರೂಪ್‌ಗೆ. ತಡಿ, ಅಳಿಸ್ತೀನಿ.